ನಡುನಿಲ್ದಾಣದ ಬೆಂಚು

ಅಥವಾ ಅವಳು ಅದನ್ನು ಚಪ್ಪಲಿ ಹಾಕಿಕೊಳ್ಳುವ ಮೊದಲೇ ಹೇಳಿರಬೇಕು. ಮೊದಲು ಹೇಳಿದ್ದರೆ ಅದು ನನ್ನ ಪ್ರಶ್ನೆಗೆ ಉತ್ತರ. ಚಪ್ಪಲಿ ಹಾಕಿಕೊಂಡು, ಬಾಗಿಲ ಮೇಲೆ ಒಂದು ಕೈಯಿಟ್ಟು ಹೇಳಿದ್ದರೆ ಅದು ನಮ್ಮೂರ ಕಡೆಯವರು ಯಾರ ಮನೆಯಿಂದ ಹೊರಡುವಾಗಲೂ ಹೇಳುವ ಮಾತು. ಎರಡಕ್ಕೂ ಶಬ್ದ ಒಂದೇ: ಬರ್ತೇನೆ.

ಇದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ ಈಗ ಎರಡೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಒಂದರಲ್ಲಿ ಅವಳು ಸೋಫಾದ ಅಂಚಿನಲ್ಲಿ ಕೂತು ಚಹಾದ ಲೋಟ ಕೆಳಗಿಡುತ್ತಾಳೆ. ಇನ್ನೊಂದರಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಾಳೆ, ಮುಖ ಕಾಣುವುದಿಲ್ಲ. ಒಂದಾದರೂ ನಾನೇ ಕಟ್ಟಿದ್ದು. ಯಾವುದೆಂದು ಹೇಳಲಾರೆ.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಬಹರೇನಿನ ಉಮ್ ಅಲ್ ಹಸ್ಸಮ್‌ನ ಹಳೇ ಕಟ್ಟಡದಲ್ಲಿ ನಾನು ಮೂರನೇ ಮಹಡಿ, ಅವಳು ಒಂದನೆಯದು. ಅವಳು ನರ್ಸ್, ಮನೆಮಾತು ಕೊಂಕಣಿ. ನನ್ನದು ಬ್ಯಾರಿ. ನಾವಿಬ್ಬರೂ ಸಿಟ್ಟು ಬಂದರೂ ನಗು ಬಂದರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಹನ್ನೊಂದು ವರ್ಷ ಅವಳ ಬಾಗಿಲ ಸದ್ದು ಕೇಳಿಯೇ ಅವಳಿಗೆ ಯಾವ ಶಿಫ್ಟ್ ಎಂದು ನಾನು ಹೇಳಬಲ್ಲವಳಾಗಿದ್ದೆ. ಬೆಳಗಿನ ಶಿಫ್ಟ್‌ಗೆ ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆಯುತ್ತಿದ್ದಳು, ಮಧ್ಯಾಹ್ನದ್ದಾದರೆ ಧಡಕ್ಕನೆ.

ಆ ವರ್ಷ ಐರ್ಲೆಂಡಿನ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಒಂದಲ್ಲ ಒಂದು ದಿನ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ಹೋಗುವ ಮೊದಲು ಒಂದು ವಾರ ಬೇಕಿತ್ತು ನನಗೆ: ಶಿಫ್ಟ್ ಇಲ್ಲದ, ಫೋನಿನಲ್ಲಿ ವಾರ್ಡಿನವರು ಕರೆಯದ, ಬೆಳಿಗ್ಗೆ ಎದ್ದರೆ ಅವಳು ಎದುರಿಗಿರುವ ಒಂದು ವಾರ. ಇದನ್ನು ಹಾಗೇ ಹೇಳಲು ಬಾಯಿ ಬರಲಿಲ್ಲ. ಆದ್ದರಿಂದ ಸ್ಕೀಯಿಂಗ್ ಎಂಬ ಮಾತು ಬಂದಾಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮಾತು ತೆಗೆದವನು ಇಲ್ಲೇ ಸನದ್ ಬಡಾವಣೆಯಲ್ಲಿರುವ ನಮ್ಮ ಗೆಳೆಯ. ಹಿಂದೆ ನಮ್ಮದೇ ಕಟ್ಟಡದಲ್ಲಿದ್ದ. ಹರೆಯದಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಆರು ಚಳಿಗಾಲ ಪಾತ್ರೆ, ಆಮೇಲೆ ಟೇಬಲ್, ಆಮೇಲೆ ರಿಸೆಪ್ಶನ್ ನೋಡಿಕೊಂಡವನು. ರಜಾದಿನದಲ್ಲಿ ಸ್ಕೀ ಕಲಿತು ನಿಜಕ್ಕೂ ಪಳಗಿದವನು. ಅವನ ಹದಿನಾರರ ಮಗಳು ದುಬೈಯ ಮಾಲ್ ಒಳಗಿನ ಹಿಮದಲ್ಲಿ ಕಲಿತು, ಅಪ್ಪನನ್ನೇ ಮೀರಿಸಿದ್ದೇನೆಂಬ ಹಮ್ಮಿನಲ್ಲಿದ್ದಳು. ನಾನು ಅದೇ ಮಾಲ್‌ನಲ್ಲಿ ಎರಡು ಪಾಠ ಪಡೆದು ಎರಡರಲ್ಲೂ ಬಿದ್ದವಳು. ನಾಲ್ಕನೆಯವಳು ಅವಳು, ಒಂದು ಮೊಣಕಾಲು ಸರಿಯಿರಲಿಲ್ಲ. ಹಿಮವನ್ನು ನೋಡುವುದು ಬಿಟ್ಟು ಬೇರೇನೂ ಬೇಡವಾಗಿತ್ತು. ಗೆಳೆಯನ ಹೆಂಡತಿ ಮಾತ್ರ ಮೊದಲೇ, "ನಾನು ಬರುವುದಿಲ್ಲ, ನನಗೆ ಚಳಿ ಆಗಿಬರುವುದಿಲ್ಲ" ಎಂದಿದ್ದಳು. ಇಡೀ ಕತೆಯಲ್ಲಿ ಅರ್ಥದ ಬಗ್ಗೆ ತಕರಾರಿಲ್ಲದ ವಾಕ್ಯ ಅದೊಂದೇ.

ಊರು ಆರಿಸುವ ಕೆಲಸ ನನಗೆ ಬಿತ್ತು. ನನ್ನ ಆಫೀಸು ಮೀನಾ ಸಲ್ಮಾನ್ ಬಂದರಿನ ಹತ್ತಿರ. ಸರಕು ಯಾವ ಬಂದರಿನಿಂದ ಯಾವ ಬಂದರಿಗೆ, ಎಲ್ಲಿ ಇಳಿಸಿ ಎಲ್ಲಿ ಏರಿಸಬೇಕೆಂದು ನೋಡುವುದೇ ಕಸುಬು.

"ನೀನು ಫ್ರಿಡ್ಜ್ ಕಂಟೇನರನ್ನು ಕರಗದೆ ಕಳಿಸುವವಳು," ಎಂದ ಗೆಳೆಯ. "ನಾಲ್ಕು ಜನರನ್ನು ಕಳಿಸ್ಲಿಕ್ಕೆ ಎಂತ ಕಷ್ಟ ಮಾರಾಯ್ತಿ?"

ಕಷ್ಟವಿತ್ತು. ಅವನಿಗೆ ಬೇಕಾದದ್ದು ಎತ್ತರದ ಊರು. ಮರಗಳ ಗೆರೆಗಿಂತ ಮೇಲೆ, ಬಾಗಿಲು ತೆರೆದರೆ ಹಿಮ, ಏಪ್ರಿಲ್‌ವರೆಗೆ ಕರಗುವ ಭಯವಿಲ್ಲ. ಆದರೆ ಅಂಥ ಊರುಗಳನ್ನು ಸ್ಕೀ ಮಾಡುವವರಿಗೆಂದೇ ಕಟ್ಟಿರುತ್ತಾರೆ. ಮಾಡದವರಿಗೆ ಕೋಣೆಯ ಕಿಟಕಿ ಬಿಟ್ಟರೆ ಏನಿಲ್ಲ. ಮೋಡ ಇಳಿದರೆ ಕಿಟಕಿಯೂ ಇಲ್ಲ. ಕಣಿವೆಯ ಹಳೇ ಊರುಗಳಲ್ಲಿ ನಡೆಯಲು ದಾರಿಯಿದೆ, ಚರ್ಚಿದೆ, ಬೇಕರಿಯಿದೆ, ಹೊಸಬರು ಬೀಳಲು ಸಪಾಟು ಹುಲ್ಲುಗಾವಲಿದೆ. ಅಲ್ಲಿ ಹಿಮದ್ದೇ ಅನುಮಾನ. ಇಳಿಜಾರುಗಳಿಗೆ ಬಣ್ಣದ ಗುರುತು: ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಪರಿಣತರಿಗೆ. ಮೂವರ ಹೆಸರಿನ ಎದುರು ಬಣ್ಣ ಬರೆದೆ. ಅವಳ ಹೆಸರಿನ ಎದುರಿನ ಜಾಗ ಖಾಲಿ ಉಳಿಯಿತು.

ಅವಳು ಆ ಮಾತು ಹೇಳಿದ್ದು ಒಂದು ಶುಕ್ರವಾರ, ಇಲ್ಲಿಯ ವಾರದ ರಜೆ. ಎಲ್ಲರೂ ನನ್ನ ಮನೆಯಲ್ಲಿದ್ದರು. ಅವಳು ಚರ್ಚ್ ಮುಗಿಸಿ ಬಂದಿದ್ದಳು. ನಾನು ಗೋಳಿಬಜೆ ಕರಿದಿದ್ದೆ ಎಂದು ನೆನಪು. ಗೆಳೆಯನ ಮಗಳು ಅದು ಪಿಜ್ಜಾ ಎನ್ನುತ್ತಾಳೆ. ಎಸಿ ಓಡುತ್ತಿತ್ತು, ಅಂದರೆ ಇನ್ನೂ ಸೆಕೆಯಿತ್ತು. ಮೂರು ಊರುಗಳ ನಕ್ಷೆಯನ್ನು ಟಿವಿ ಮೇಲೆ ಹಾಕಿದೆ.

"ಮೇಲಿನದ್ದೇ ಆಗಲಿ," ಎಂದ ಗೆಳೆಯ. "ಸಿಸ್ಟರ್ ಹೋಟೆಲಲ್ಲಿ ಆರಾಮ ಮಾಡ್ಲಿ. ಹನ್ನೊಂದು ವರ್ಷದ ನಿದ್ದೆ ಬಾಕಿ ಉಂಟಲ್ಲ."

"ನಿದ್ದೆ ಮಾಡ್ಲಿಕ್ಕೆ ಅಲ್ಲಿವರೆಗೆ ಯಾಕೆ? ನನ್ನ ಮಂಚ ಇಲ್ಲೇ ಕೆಳಗೆ ಉಂಟು," ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೀವೆಲ್ಲ ಜಾರುವಾಗ ನಾನು ಎಲ್ಲಿ ಕೂತ್ಕೊಳ್ಳುವುದು?"

ಯಾವ ಜಾಲತಾಣವೂ ಈ ಪ್ರಶ್ನೆ ಕೇಳಿರಲಿಲ್ಲ. ಎಷ್ಟು ಕಿಲೋಮೀಟರ್ ಇಳಿಜಾರು, ಎಷ್ಟು ಲಿಫ್ಟ್ ಎಂದು ಎಲ್ಲವೂ ಹೇಳುತ್ತಿದ್ದವು. ಕೂರುವವಳ ಕಡೆಯಿಂದ ನೋಡಿದ ತಕ್ಷಣ ನಕ್ಷೆ ತಿರುಗಿ ನಿಂತಿತು. ಬೇಕಾದದ್ದು ಊರಲ್ಲ, ಮಧ್ಯಾಹ್ನದ ಊಟದ ಜಾಗ. ಕಪ್ಪು ಇಳಿಜಾರಿನವನೂ, ಕೆಂಪಿನವಳೂ, ನೀಲಿಯಲ್ಲಿ ಬೀಳುವವಳೂ ಸ್ಕೀ ಮೇಲೆಯೇ ಬಂದು ಸೇರಬಹುದಾದ, ಮೊಣಕಾಲು ನೋವಿನವಳು ತೊಟ್ಟಿಲಿನಂಥ ಕೇಬಲ್ ಕಾರಿನಲ್ಲಿ ಕೂತು ತಲುಪಬಹುದಾದ ಒಂದು ಜಾಗ. ಆಸ್ಟ್ರಿಯಾದ ಒಂದು ಕಣಿವೆಯೂರಿನಲ್ಲಿ ಅದಿತ್ತು. ಊರಿಗೂ ಶಿಖರಕ್ಕೂ ನಡುವೆ ಒಂದು ನಿಲ್ದಾಣ, ಪಕ್ಕದಲ್ಲಿ ಊಟದ ಮನೆ, ಎದುರಿಗೊಂದು ಬೆಂಚು. ಅಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಹರೇನಿನಲ್ಲಿ ಕೂತು ನೋಡಬಹುದಿತ್ತು. ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದೆ: "ಇಲ್ಲಿ ಕೂತ್ಕೋ. ಹನ್ನೆರಡೂವರೆಗೆ ನಾನು ಬಂದು ಮುಟ್ಟುತ್ತೇನೆ, ಉರುಳಿಕೊಂಡಾದರೂ."

ಅವಳು ನಕ್ಕಳು. ನಾನು ಎಲ್ಲಿಂದಲೋ ಕಡ ತಂದಿದ್ದ ದಪ್ಪ ಕೈಗವಸುಗಳನ್ನು ಹಾಕಿ ನೋಡಿದಳು. ಅವುಗಳಲ್ಲೇ ಚಹಾದ ಲೋಟ ಹಿಡಿಯಲು ಹೋಗಿ ಚೆಲ್ಲಿದಳು. ನಾನು ಕೇಳಿದೆ: "ಹಾಗಾದ್ರೆ ಬರ್ತೀಯಲ್ಲ?"

ಎಲ್ಲೋ ಇಲ್ಲಿ ಅವಳು ಬರ್ತೇನೆ ಎಂದಳು. ಎಲ್ಲೋ ಇಲ್ಲಿ ಚಪ್ಪಲಿಯನ್ನೂ ಹಾಕಿಕೊಂಡಳು. ಮಧ್ಯಾಹ್ನದ ಶಿಫ್ಟ್ ಇತ್ತು, ಆಸ್ಪತ್ರೆಯ ಬಸ್ಸು ಕೆಳಗೆ ಹಾರ್ನ್ ಹಾಕಿತು. ಪ್ರಶ್ನೆಗೂ ಆ ಶಬ್ದಕ್ಕೂ ನಡುವೆ ಹಾರ್ನ್ ಬಂದಿತ್ತೇ ಎಂಬುದೂ ನನಗೆ ನೆನಪಿಲ್ಲ. ಕೈಗವಸುಗಳನ್ನು ಮಾತ್ರ ಒಯ್ದಳು, ಅದು ಖಂಡಿತ. ಮಾರನೆ ದಿನ ಹುಡುಕಿದಾಗ ಇರಲಿಲ್ಲ.

ನಾನು ನಾಲ್ಕು ಜನರಿಗೆಂದು ಆ ಕಣಿವೆಯೂರಲ್ಲೇ ಕೋಣೆ ಕಾಯ್ದಿರಿಸಿದೆ.

ಮೂರು ವಾರದ ನಂತರ ಮೆಟ್ಟಿಲಲ್ಲಿ ಸಿಕ್ಕಿ, "ಪೇಪರ್ ಬಂತು," ಎಂದಳು. ಐರ್ಲೆಂಡಿನ ಕೆಲಸಕ್ಕೆ ಹೊಸ ವರ್ಷದ ಮೊದಲೇ ಸೇರಬೇಕಂತೆ. ನಮ್ಮ ಪ್ರವಾಸ ಫೆಬ್ರವರಿಯಲ್ಲಿ. ಹೊಸ ಕೆಲಸದಲ್ಲಿ ಅಷ್ಟು ಬೇಗ ರಜೆ ಯಾರು ಕೊಡುತ್ತಾರೆ? ಆಲ್ಪ್ಸ್ ಎಂಬ ಮಾತನ್ನು ಅವಳು ಎತ್ತಲಿಲ್ಲ. ನಾನು ಎತ್ತಬೇಕೆಂದುಕೊಂಡು, ಎಷ್ಟು ಕಿಲೋ ಲಗೇಜ್ ಬಿಡುತ್ತಾರೆ ಎಂದು ಕೇಳಿದೆ.

ಸನದ್‌ಗೆ ಹೋಗಿ ವಿಷಯ ಹೇಳಿದಾಗ ಗೆಳೆಯ ಹಣೆ ಚಚ್ಚಿಕೊಂಡ. "ಚಪ್ಪಲಿ ಹಾಕುವಾಗ ಬರ್ತೇನೆ ಅಂದ್ರೆ ಟಾಟಾ ಅಂತ! ನೀನು ಟಾಟಾಕ್ಕೆ ರೂಮ್ ಬುಕ್ ಮಾಡಿದ್ದಾ?"

"ಬಟ್ ಡ್ಯಾಡಿ," ಎಂದಳು ಮಗಳು, "ಆಂಟಿ ಕೇಳಿದ್ರು ಬರ್ತೀಯಾ ಅಂತ. ಅವರು ಬರ್ತೇನೆ ಅಂದ್ರು. ದಟ್ ಮೀನ್ಸ್ ಯೆಸ್."

"ನಿನ್ನ ಇಂಗ್ಲಿಷಲ್ಲಿ ಯೆಸ್ಸು. ನಮ್ಮಲ್ಲಿ ಹೋಗ್ತೇನೆ ಅಂತ ಹೇಳ್ಲಿಕ್ಕೆ ಇಲ್ಲ, ಅಪಶಕುನ. ಹೋಗುವವರೆಲ್ಲ ಬರ್ತೇನೆ ಅಂತಲೇ ಹೇಳುವುದು."

"ದೆನ್ ಹೌ ಡು ಯೂ ನೋ ಹೂ ಈಸ್ ಕಮಿಂಗ್?"

ಗೆಳೆಯನಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿತ್ತು. ವಾರ್ಡಿನಲ್ಲಿ ಶಿಫ್ಟ್ ಮುಗಿಸಿ ಹೊರಡುವಾಗ ನಮ್ಮೂರ ಕಡೆಯ ರೋಗಿ ಯಾರಾದರೂ ಇದ್ದರೆ ಅವಳು ಅವರ ಹಾಸಿಗೆಯ ಹತ್ತಿರ ನಿಂತು ಬರ್ತೇನೆ ಎಂದು ಹೇಳಿಯೇ ಬರುತ್ತಿದ್ದಳು. ಮರುದಿನ ರಜೆ ಇದ್ದರೂ. ಮರುದಿನ ಆ ರೋಗಿ ಇರಲಾರರೆಂದು ಗೊತ್ತಿದ್ದರೂ.

ಅವಳು ಹೋದಳು. ಕಟ್ಟಡದ ಕೆಳಗೆ ಟ್ಯಾಕ್ಸಿ ಹತ್ತುವಾಗಲೂ ಅದೇ ಶಬ್ದ ಹೇಳಿದಳು. ಆ ಸಲ ಕಾಲಲ್ಲಿ ಶೂ ಇತ್ತು, ಅದನ್ನು ನೋಡಿಕೊಂಡಿದ್ದೆ.

ನಾವು ಮೂವರು ಫೆಬ್ರವರಿಯಲ್ಲಿ ನಾಲ್ಕನೆಯವಳಿಗೆಂದು ಆರಿಸಿದ ಊರಿಗೆ ಹೋದೆವು. ಊರ ಬಳಿಯ ಹಿಮ ಅರ್ಧ ಕರಗಿತ್ತು. "ಹುಲ್ಲಿನ ಮೇಲೆ ಜಾರ್ಲಿಕ್ಕೆ ಆಸ್ಟ್ರಿಯಾ ಯಾಕೆ?" ಎಂದ ಗೆಳೆಯ. "ಮೂಡುಬಿದಿರೆ ಸಾಕಿತ್ತು." ಬೆಳಿಗ್ಗೆ ಮೇಲಕ್ಕೆ ಹೋದರೆ ಅಪ್ಪನೂ ಮಗಳೂ ಊಟದ ಹೊತ್ತಿಗಷ್ಟೇ ಕಾಣುತ್ತಿದ್ದರು. ನಾನು ಒಂದು ದಿನ ನೀಲಿಯಲ್ಲಿ ಬಿದ್ದೆ, ಎರಡು ದಿನ ಬಿದ್ದೆ. ಮೂರನೇ ದಿನ ಬಾಡಿಗೆಯ ಸ್ಕೀಗಳನ್ನು ಅಂಗಡಿಯಲ್ಲೇ ಬಿಟ್ಟು ಕೇಬಲ್ ಕಾರಿನಲ್ಲಿ ನಡುನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತೆ.

ಬೆಂಚು ಬೆಟ್ಟದ ಕಡೆ ಮುಖ ಮಾಡಿರಲಿಲ್ಲ. ಲಿಫ್ಟಿನ ಯಂತ್ರದ ಕೋಣೆಯ ಗೋಡೆಗೆ ಎದುರಾಗಿತ್ತು. ಬೆಟ್ಟಗಳನ್ನು ನೋಡುತ್ತಿದ್ದದ್ದು ಕ್ಯಾಮೆರಾ. ಬೆಂಚು ಅದರ ಚೌಕಟ್ಟಿನ ಮೂಲೆಗೆ ಬಂದದ್ದಷ್ಟೇ. ಅವಳು ಬಂದಿದ್ದರೆ ಒಂದು ವಾರ ಆ ಬೂದು ಗೋಡೆಯನ್ನು ನೋಡುತ್ತಿದ್ದಳು. ನನ್ನನ್ನು ಬೈಯುತ್ತಿದ್ದಳು. ಬೈಯುವ ಮಾತುಗಳು ಕೂಡ ನನಗೆ ಕೇಳಿಸಿದವು: "ಇದನ್ನು ತೋರಿಸ್ಲಿಕ್ಕೆ ಟಿವಿ ಮೇಲೆ ಬೆರಳಿಟ್ಟದ್ದಾ ನೀನು?" ನಾನು ಬೆಂಚಿನ ಎಡತುದಿಯಲ್ಲಿ ಕೂತಿದ್ದೆ. ಹನ್ನೆರಡೂವರೆಗೆ ಮಗಳು ಇಳಿದು ಬಂದು ಸ್ಕೀ ಬಿಚ್ಚಿ, ಬಲಬದಿಯ ಖಾಲಿ ಜಾಗ ನೋಡಿದಳು. ಅಲ್ಲಿ ಕೂರದೆ ನನ್ನ ಎದುರಿಗೆ ಹಿಮದ ಮೇಲೆಯೇ ಕೂತಳು.

ಇದು ನಿಜವಾಗಿ ಆಯಿತೋ, ಅಥವಾ ಹಾಗೆ ಕೂತಿದ್ದರೆ ಚೆನ್ನಾಗಿತ್ತೆಂದು ಆಮೇಲೆ ನನಗೆ ಅನ್ನಿಸಿದ್ದೋ. ಗೆಳೆಯನ ಮಗಳನ್ನೇ ಕೇಳಿದೆ. "ಮೇಬಿ," ಎಂದಳು.

ಉಮ್ ಅಲ್ ಹಸ್ಸಮ್‌ನ ಒಂದನೇ ಮಹಡಿಗೆ ಈಗ ಬೇರೆಯವರು ಬಂದಿದ್ದಾರೆ. ಬಾಗಿಲು ಸದ್ದೇ ಮಾಡುವುದಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆದು ನಡುನಿಲ್ದಾಣದ ಕ್ಯಾಮೆರಾ ಹಾಕುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ದನ ಮೇಯುತ್ತವೆ. ಅವಳು ಐರ್ಲೆಂಡಿನಿಂದ ಫೋಟೋ ಕಳಿಸುತ್ತಾಳೆ. ಒಂದರಲ್ಲಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಳೆ, ಕೈಯಲ್ಲಿ ನಾನು ಕಡ ತಂದಿದ್ದ ಕೈಗವಸು. ಅಲ್ಲಿಯೂ ಚಳಿಯಲ್ಲವೇ? ಹಾಗಾದರೆ ಆ ಶುಕ್ರವಾರ ಅವುಗಳನ್ನು ಒಯ್ದದ್ದು ನಮ್ಮ ಜೊತೆ ಹಿಮಕ್ಕೆ ಬರಲಿಕ್ಕೋ, ನಮ್ಮನ್ನು ಬಿಟ್ಟು ಆ ಚಳಿಗೆ ಹೋಗಲಿಕ್ಕೋ? ಪೇಪರ್ ಬರುವುದು ಅವಳಿಗೆ ಆಗಲೇ ಗೊತ್ತಿತ್ತೋ?

ಕೇಳಬಹುದು. ಒಂದು ಸಂದೇಶದ ಕೆಲಸ. ಕೇಳಿದರೆ ಅವಳು ನನಗೆ ಯಾವುದು ಬೇಕೋ ಅದನ್ನೇ ಹೇಳುತ್ತಾಳೆ; ನೋವಿರುವವರಿಗೆ ಹಾಗೆ ಹೇಳಿ ಅವಳಿಗೆ ಅಭ್ಯಾಸ. ಆದ್ದರಿಂದ ಅದರಿಂದಲೂ ತಿಳಿಯುವುದಿಲ್ಲ.

ಅವಳು ಚಪ್ಪಲಿ ಹಾಕಿಕೊಂಡಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.