ಐದು ದಿನದ ಊಟವೋ, ಏಳು ದಿನದ್ದೋ

ನನ್ನ ಮಗಳು ಬಾಯಿಬಿಟ್ಟು ಕೇಳಿ ಬಡಿಸಿಕೊಳ್ಳುವವಳಲ್ಲ. ನೆಂಟರ ಮನೆಯಲ್ಲಿ ಅರ್ಧ ಮುದ್ದೆ ಉಂಡು 'ಸಾಕು' ಅಂತ ಎದ್ದುಬಿಡುತ್ತಾಳೆ. ಮನೆಗೆ ಬಂದ ಮೇಲೆ ಪಾತ್ರೆ ತಡಕುತ್ತಾಳೆ. ಅಂಥವಳಿಗೆ ಹೋದ ವರ್ಷ ಕನಕಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿಗೆ ಸೇರಿಸುವುದು ಎಂದಾದಾಗ ಪಾಠದ ಚಿಂತೆ ನನಗೆ ಒಂದಿಷ್ಟೂ ಇರಲಿಲ್ಲ. ಇದ್ದದ್ದೆಲ್ಲ ಊಟದ್ದೇ.

ಸೇರಿಸಲು ನಾನೇ ಹೋದೆ. ಅವರಪ್ಪ ಕುರಿ ಬಿಟ್ಟು ಬರುವ ಹಾಗಿರಲಿಲ್ಲ. ಬಂದಿದ್ದರೂ ಎಲ್ಲದಕ್ಕೂ 'ಆಯ್ತು ಆಯ್ತು' ಎಂದು ತಲೆಯಾಡಿಸುತ್ತಿದ್ದರು, ಅಷ್ಟೇ. ನಾನು ನೇರ ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿದೆ. ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದೆ, ಗಂಟಿರಲಿಲ್ಲ. ಸಾರಿನ ತಳಕ್ಕೆ ಸೌಟು ಇಳಿಸಿದೆ, ಕಾಳು ಸಿಕ್ಕಿತು. ಬಾಗಿಲಲ್ಲೇ ನಿಂತಿದ್ದ ಮಗಳು, "ಅವ್ವ, ಹೆಣ್ಣು ನೋಡಕ್ ಬಂದೋರ್ ತರ ಆಡ್ಬ್ಯಾಡ, ಬಾ" ಎಂದು ಪಿಸುಗುಟ್ಟಿದಳು.

ಮೆಸ್ ನೋಡಿಕೊಳ್ಳುವಾತ ಎರಡು ಬಗೆ ಹೇಳಿದ. ಏಳು ದಿನದ್ದಾದರೆ ಭಾನುವಾರ ಕೋಳಿಸಾರೂ ಉಂಟು. ಐದು ದಿನದ್ದು ಶನಿವಾರ, ಭಾನುವಾರ ಊರಿಗೆ ಹೋಗುವ ಮಕ್ಕಳಿಗೆ. ಒಮ್ಮೆ ಆರಿಸಿದರೆ ವರ್ಷವಿಡೀ ಅದೇ.

"ಏಳು ದಿನದ್ದೇ ಬರ್ಕಳಪ್ಪ" ಎಂದೆ.

"ಐದು ದಿನದ್ದು ಸಾಕು" ಎಂದಳು ಮಗಳು.

ಬಂತು ನೋಡಿ ನನಗೆ ಸಿಟ್ಟು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ನಾನೂ ಹತ್ತಾರು ಜನಕ್ಕೆ ಹೇಳಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಎಲ್ಲರ ಊಟವೂ ನನ್ನಿಚ್ಛೆ. ಇವಳ 'ಸಾಕು' ಇಲ್ಲೂ ಶುರುವಾಯಿತು ಅಂದುಕೊಂಡು ಆತನ ಮುಂದೆಯೇ ಗದರಿದೆ.

"ಸುಮ್ಕಿರು. ಎರಡು ದಿನ ಬನ್ ತಿನ್ಕೊಂಡು ಬಿದ್ದಿರ್ತೀಯಾ? ವಾರ ವಾರ ಬಸ್ ಬದ್ಲಾಯಿಸ್ಕೊಂಡು ನಮ್ಮೂರು ಕೂಟಗಲ್‌ಗೆ ಬಂದು ಸೊರಗೋದೂ ಬ್ಯಾಡ. ಇಲ್ಲೇ ಉಂಡ್ಕೊಂಡು ಓದ್ಕೊ. ಹಬ್ಬಕ್ಕೆ ಬಂದ್ರಾಯ್ತು."

ಯಾವಾಗಲೂ ಮಾತಿಗೆ ಮಾತು ಕೊಡುವವಳು ಈ ಸಲ ಮೆಲ್ಲಗೆ ಕೇಳಿದಳು.

"ಹಂಗಾದ್ರೆ ಮನೇಲಿ ನನ್ ಪಾಲಿನ ಹಿಟ್ಟು ಹಾಕೋದೇ ಬುಟ್ಬುಡ್ತೀಯಾ ಅವ್ವ?"

ನಮ್ಮಲ್ಲಿ ಎಸರಿಗೆ ಹಿಟ್ಟು ಹಾಕುವುದು ಮನೆಯ ತಲೆ ಎಣಿಸಿಯೇ. ಅವಳ ಹೊಟ್ಟೆ ತುಂಬಲಿ ಅಂತ ನಾನು ಹೊಡೆದಾಡುತ್ತಿದ್ದರೆ, ಅವಳು ಮನೆಯಿಂದ ತನ್ನ ತಟ್ಟೆಯನ್ನೇ ಎತ್ತಿಡುತ್ತಿದ್ದಾರೆ ಅಂದುಕೊಂಡಿದ್ದಳು.

"ಯಾರೇ ನಿಂಗೆ ಹಂಗಂದಿದ್ದು" ಎಂದೆ. ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು, ಕಣ್ಣು ಮಾತ್ರ ತುಂಬಿಕೊಂಡಿತ್ತು. ಆತನ ಕಡೆ ತಿರುಗಿ, "ಐದು ದಿನದ್ದೇ ಬರ್ಕಳಪ್ಪ" ಎಂದೆ.

"ಆಯ್ತು ಕಣಮ್ಮ. ಶುಕ್ರವಾರ ರಾತ್ರಿ ಊಟಾನೂ ಅದ್ರಲ್ಲೇ ಐತೆ."

"ಅದು ಬ್ಯಾಡ ಅಣ್ಣ," ಎಂದಳು ಮಗಳು, "ಶುಕ್ರವಾರ ಕಾಲೇಜ್ ಬುಡ್ತಿದ್ದಂಗೇ ಬಸ್ ಹತ್ಬುಡ್ತೀನಿ."