ಬಿಳಿ ಬಿಟ್ಟ ಬೀದಿ

ಗಲಭೆಯ ಮೂರನೆಯ ದಿನ ಪತ್ರಿಕೆಯ ನಕ್ಷೆಗಾರ, ಮದುವೆ ಕಾರ್ಡಿಗೆ ಬಣ್ಣ ಆರಿಸುವವನ ಗತ್ತಿನಲ್ಲಿ ಊರಿನ ನಕ್ಷೆಯ ಮುಂದೆ ಕೂತಿದ್ದ. ಇರಿತಕ್ಕೆ ಕೆಂಪು ಚುಕ್ಕೆ, ಬೆಂಕಿಗೆ ಕಿತ್ತಳೆ. ಸುದ್ದಿಯೇ ಬರದ ಬೀದಿಗಳನ್ನು, ನೋಡಲು ಚೆಂದವೆಂದು, ಬಿಳಿ ಬಿಟ್ಟಿದ್ದ.

ಅಕ್ಕ ಫೋನ್ ಮಾಡಿದಳು. “ವೆಬ್‌ಸೈಟಲ್ಲಿ ನಿನ್ನ ನಕ್ಷೆ ನೋಡಿದ್ವಿ ಕಣೋ. ಗಿರಣಿ ಬೀದಿ ಬೆಳ್ಳಗಿದೆ ಅಂತ ನಿಮ್ಮ ಭಾವ ಆ ಕಡೆಯಿಂದಾನೇ ಔಷಧಿ ತರೋಕೆ ಹೋದ್ರು.”

ಗಿರಣಿ ಬೀದಿಯ ವರದಿಗಾರ ಬೆಳಿಗ್ಗೆಯಿಂದ ಫೋನ್ ಎತ್ತಿರಲಿಲ್ಲ.

“ಬಿಳಿ ಅಂದ್ರೆ ಶಾಂತಿ ಅಲ್ಲಕ್ಕ, ನಂಗೇನೂ ಗೊತ್ತಿಲ್ಲ ಅಂತ. ಭಾವನ್ನ ವಾಪಸ್ ಕರಿ.”

“ಫೋನ್ ಇಲ್ಲೇ ಬಿಟ್ಟೋಗಿದಾರಲ್ಲೋ.”

ಸಂಜೆ ಭಾವ ಗಿರಣಿ ಬೀದಿಯ ಚರಂಡಿಯಲ್ಲಿ ಸಿಕ್ಕರು, ಕತ್ತು ಸೀಳಿತ್ತು. ಮರುದಿನ ನಕ್ಷೆಗಾರ ಸ್ಮಶಾನದಿಂದ ನೇರ ಕಚೇರಿಗೆ ಬಂದು, ಉಳಿದ ಬಿಳಿ ಬೀದಿಗಳಿಗೆಲ್ಲ ಬೂದು ಬಳಿದು, ಪಕ್ಕದಲ್ಲಿ ಬರೆದ: ‘ಇಲ್ಲೇನಾಗಿದೆಯೋ ನಮಗೆ ಗೊತ್ತಿಲ್ಲ.’