ಭಾಗ್ಯಳ ಸಿಲಬಸ್ ಕಾಗದ

ಕಳೆದ ಸೋಮವಾರ ಕೃಷ್ಣರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನಗೆ ಕೈ ಮುಗಿದು ಉಪಕಾರ ಸ್ಮರಿಸಿದರು. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವರು ಕೆಂಪಯ್ಯ, ಹೊಸ ಅಗ್ರಹಾರದ ಕಡೆಯ ನೀರುಗಂಟಿ. ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವತ್ತು ನೀರು ಎಂದು ಸರದಿ ಹಾಕುವವರು. ಅವರ ಮಗಳು ಭಾಗ್ಯ ಮೈಸೂರಿನಲ್ಲಿ ಕಂಪ್ಯೂಟರ್ ಬಿ.ಇ. ಮುಗಿಸಿದವಳು.

"ನಿಮ್ ಉಪ್ಕಾರ ಮರೆಯಂಗಿಲ್ಲ ಸಾ. ಅವತ್ತು ನೀವು ಬ್ಯಾಡ ಅನ್ನದಿದ್ರೆ ನಮ್ ಕೂಸು ಅಲ್ಲೋಗಿ ಒದ್ದಾಡ್ತಿತ್ತು. ಈಗ ಉಣ್ಸೂರಲ್ಲಿ ಮಕ್ಕಳಿಗೆ ಕಂಪ್ಯೂಟ್ರಲ್ಲಿ ಟೈಪ್ ಮಾಡೋದು ಏಳ್ಕೊಡ್ತಾವ್ಳೆ. ನೆಮ್ದಿಯಾಗವ್ಳೆ ಬುಡಿ."

ನಾನೇನು ಮಾಡಿದೆ? ಹಲ್ಲು ಕಿರಿದೆ.

ಎರಡು ವರ್ಷದ ಹಿಂದಿನ ಮಾತು. ಭಾಗ್ಯಳಿಗೆ ಎಂ.ಟೆಕ್ ಸೀಟು ಸಿಕ್ಕಿತ್ತು. ಸೇರಲು ಒಂದೇ ವಾರ ಉಳಿದಿತ್ತು. ಸಿಲಬಸ್ ಕಾಗದ ಹಿಡಿದು ನಮ್ಮ ಮನೆಗೆ ಬಂದಳು. ಇನ್ಯಾರ ಮನೆಗೆ ಹೋಗಬೇಕು? ನಮ್ಮೂರಿಗೆ ಕಂಪ್ಯೂಟರ್ ಮೇಷ್ಟ್ರು ಅಂದರೆ ನಾನೇ. ಎಂ.ಟೆಕ್ ಮಾಡಿದವನು ಎಂದು ಊರೇ ನಂಬಿದೆ. (ನಾನೂ ತಿದ್ದಲು ಹೋಗಿಲ್ಲ.)

ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅಡ್ವಾನ್ಸ್ಡ್ ಆಪರೇಟಿಂಗ್ ಸಿಸ್ಟಮ್ಸ್.

"ಇದ್ರಲ್ಲಿ ಏನೇನಿರ್ತದೆ ಸಾರ್? ನನ್ ಕೈಲಾಯ್ತದಾ?"

ಓದುಗರೇ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಈಗ ಹೇಳಿಬಿಡುತ್ತೇನೆ. ನಾನು ಎಂ.ಟೆಕ್ ಮುಗಿಸಿಲ್ಲ. ಆರನೇ ವಾರಕ್ಕೆ ಹಾಸಿಗೆ ಸುತ್ತಿಕೊಂಡು ಊರಿಗೆ ಬಂದವನು. ನನ್ನನ್ನು ಓಡಿಸಿದ್ದು ಇದೇ ಸಬ್ಜೆಕ್ಟು.

ಅದನ್ನು ಒಪ್ಪಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮರ್ಯಾದೆ ಅಡ್ಡ ಬಂತು. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ. ಪಾಠದ ಪುಸ್ತಕವೇ ಇರುವುದಿಲ್ಲ ಕಣಮ್ಮ, ವಾರಕ್ಕೆ ಮೂರು ಸಂಶೋಧನಾ ಪೇಪರ್ ಓದಬೇಕು, ಓದಿ ತಪ್ಪು ಹುಡುಕಬೇಕು, ಯಾರೋ ಬರೆದ ಸಾವಿರಾರು ಸಾಲಿನ ಕೋಡ್ ಒಳಗೆ ಕೈ ಹಾಕಬೇಕು, ಒಂದು ಸಾಲು ಎಡವಟ್ಟಾದರೆ ಮೆಷಿನ್ನೇ ಮೇಲೇಳುವುದಿಲ್ಲ.

ಒಂದೂ ಸುಳ್ಳಲ್ಲ. ಅದೇ ನನ್ನ ಜಾಣತನ.

ಅವಳು ಸುಲಭಕ್ಕೆ ಹೆದರಲಿಲ್ಲ. "ಈ ಶೆಡ್ಯೂಲಿಂಗ್, ಯಾವ್ ಪ್ರೋಗ್ರಾಮ್ ಯಾವಾಗ ಓಡ್ಬೇಕು ಅನ್ನೋದು, ನಮ್ಮಪ್ಪನ ಸರದಿ ಥರಾನೇ ಅಲ್ವಾ ಸಾರ್? ಎಲ್ರೂ ಒಂದೇ ನಾಲೆ ನೀರಿಗೆ ಕಾಯ್ತಿರ್ತಾರೆ. ಮೇಲಿನ್ ಗದ್ದೆಯೋರೇ ಕುಡ್ಕೊಂಡ್ರೆ ಕೊನೇ ಗದ್ದೆ ಒಣಗೋಯ್ತದೆ. ಅದ್ಕೇ ಅಪ್ಪ, ಒಂದ್ಸಲ ಸರದಿ ತಪ್ಪಿದೋರಿಗೆ ಮುಂದಿನ್ ಸಲ ಮೊದ್ಲು ನೀರು ಬುಡ್ತಾರೆ."

ನಾನು ನಕ್ಕೆ. "ಗದ್ದೆ ಬೇರೆ, ಕಂಪ್ಯೂಟರಿನ ಕರ್ನೆಲ್ ಬೇರೆ ಕಣಮ್ಮ."

ನಕ್ಕೆನಲ್ಲ, ಅದು ಈಗ ಚುಚ್ಚುತ್ತದೆ. ಏಕೆಂದರೆ ಎರಡನೇ ವಾರದ ಕ್ಲಾಸಿನಲ್ಲಿ ನಮ್ಮ ಪ್ರೊಫೆಸರ್ ಕೇಳಿದ್ದು ಇದನ್ನೇ. ಕಾಯುತ್ತಿರುವ ಪ್ರೋಗ್ರಾಮ್ ಕಾಯುತ್ತಲೇ ಉಳಿಯದಂತೆ ಏನು ಮಾಡುತ್ತೀರಿ ಅಂತ. ಒಬ್ಬರೂ ಕೈಯೆತ್ತಲಿಲ್ಲ. ನಾನಂತೂ ತಲೆ ತಗ್ಗಿಸಿ ಡೆಸ್ಕ್ ಕೆರೆಯುತ್ತಿದ್ದೆ. ಆ ಉತ್ತರ ನೀರುಗಂಟಿಯ ಮಗಳ ಬಾಯಲ್ಲಿ ಸಲೀಸಾಗಿ ಬಂತು, ಅದೂ ನಮ್ಮ ಮನೆಯ ಜಗಲಿಯಲ್ಲಿ ಕೂತು!

ಹಾಗಾದರೆ ಅವತ್ತು ನಾನು ಹೇಳಬೇಕಿದ್ದದ್ದೇನು? ಮೊದಲ ತಿಂಗಳು ಯಾರಿಗೂ ಏನೂ ಅರ್ಥವಾಗುವುದಿಲ್ಲ ಎಂದು. ಪೇಪರನ್ನು ಮೂರು ಸಲ ಓದಿದರೆ ಅರ್ಧ ತಿಳಿಯುತ್ತದೆ, ಅಷ್ಟು ಸಾಕು ಎಂದು. ಮೆಷಿನ್ ಎಲ್ಲರದ್ದೂ ಕೆಡುತ್ತದೆ, ಮತ್ತೆ ಏಳಿಸುವುದೇ ಅಲ್ಲಿನ ಪಾಠ ಎಂದು. ಅಲ್ಲಿ ಕೇಳುವುದು "ಹೇಗೆ" ಅಂತಲ್ಲ, "ಹೀಗೇ ಯಾಕೆ ಮಾಡಿದರು" ಅಂತ. ಆ ಪ್ರಶ್ನೆ ನಿನಗೆ ಆಗಲೇ ಬಂದಿದೆ ಎಂದು. ನನ್ನ ಜೊತೆ ತಿಣುಕಿದ ಗೆಳೆಯರೆಲ್ಲ ಪಾಸಾದರು. ಅವರು ನನಗಿಂತ ಬುದ್ಧಿವಂತರೇನಲ್ಲ. ಏಳನೇ ವಾರವೂ ಕ್ಲಾಸಿಗೆ ಹೋದರು, ಅಷ್ಟೇ.

ಇದನ್ನೆಲ್ಲ ಬಿಟ್ಟು ನಾನಂದದ್ದು, "ನೋಡಮ್ಮ, ನಿನ್ನಿಷ್ಟ. ನನ್ನ ಕೇಳಿದರೆ ಬೇಡ."

ನನ್ನ ಕೇಳೋಕೆ ತಾನೇ ಅವಳು ಬಂದಿದ್ದು? ಕಾಗದ ಮಡಿಚಿಕೊಂಡು, "ಆಯ್ತು ಸಾರ್" ಅಂದು ಹೋದಳು. ಸೀಟು ಬೇರೆಯವರ ಪಾಲಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಕೆಂಪಯ್ಯ ಇನ್ನೊಂದು ಮಾತು ಹೇಳಿದರು. "ಆದ್ರೂ ಸಾ, ಆ ಕಾಗ್ದ ಇನ್ನೂ ಇಟ್ಕಂಡವ್ಳೆ. ಊರಿಗೆ ಬಂದಾಗೆಲ್ಲ ತಗ್ದು ನೋಡ್ತಳೆ. ಯಾಕವ್ವ ಕೂಸೇ ಅಂದ್ರೆ, ಸುಮ್ನೆ ಕಣಪ್ಪ ಅಂತಳೆ."

ಅಲ್ಲೇ ಅವರ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿ ಕೂತೆ. ಓಡಿಹೋಗುವುದು ನನಗೆ ಹೊಸದೇನಲ್ಲವಲ್ಲ.

ಈ ಭಾನುವಾರ ಭಾಗ್ಯಳಿಗೆ ನಿಜ ಹೇಳಲು ಹುಣಸೂರಿಗೆ ಹೋಗುತ್ತಿದ್ದೇನೆ. ಅವಳು ಬೈದರೆ ಬೈಯಲಿ. ಆದರೆ ಬೈಯದೆ ಇದೊಂದನ್ನು ಕೇಳಿಬಿಟ್ಟಾಳು ಎಂದೇ ಹೆದರಿಕೆ: ಅಪ್ಪನ ನಾಲೆಯಲ್ಲಿ ಸರದಿ ತಪ್ಪಿದವರಿಗೆ ಮುಂದಿನ ಸಲ ಮೊದಲು ನೀರು ಬಿಡುತ್ತಾರೆ, ನೀವು ತಪ್ಪಿಸಿದ ಸರದಿಗೆ ಯಾರು ಬಿಡುತ್ತಾರೆ ಸಾರ್?